ಯಾರಿಗೆ ಸುಲಭ? ಕೊಡಗಿನ ಓದುಗರು ಮತ್ತು ಕನ್ನಡ ಬೈಬಲ್ ಅನುವಾದಗಳ ವಾಚನೀಯತೆ

ವೈಯಕ್ತಿಕ ಅಧ್ಯಯನಕ್ಕೆ ಯಾವ ಕನ್ನಡ ಬೈಬಲ್ ಅನುವಾದ ತಕ್ಕುದು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ವಾಕ್ಯಗಳು ಚಿಕ್ಕದಾಗಿರುವ, ಪದಗಳು ಪರಿಚಿತವಾಗಿರುವ, ಇತ್ತೀಚಿನ ಅನುವಾದ. ಈ ಉತ್ತರದ ಹಿಂದೆ ವಾಚನೀಯತೆಯನ್ನು ಕುರಿತ ಒಂದು ಸಿದ್ಧಾಂತ ಅಡಗಿದೆ; ಅದು ಕನ್ನಡದ ವಾಕ್ಯರಚನೆಯನ್ನು ನೋಡಿ ಕಟ್ಟಿದ ಸಿದ್ಧಾಂತವಲ್ಲ. ಒಬ್ಬನೇ ಕುಳಿತು ಓದುವವನಿಗೆ ಕನ್ನಡದಲ್ಲಿ ತೊಡಕಾಗುವುದು ಪದವೂ ಅಲ್ಲ, ವಾಕ್ಯದ ಉದ್ದವೂ ಅಲ್ಲ. ಮಾಡಿದವರು ಯಾರು, ಆಡಿದವರು ಯಾರು ಎಂಬ ಜಾಡು ತಪ್ಪುವುದು ಮತ್ತು ಪರಿಚಿತ ಪದವೊಂದು ಅಪರಿಚಿತ ಅರ್ಥದಲ್ಲಿ ಬರುವುದು. ಕೊಡಗಿನ ಓದುಗರನ್ನು ಎದುರಿಗಿಟ್ಟುಕೊಂಡು ಈ ಮಾತನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕೊಡಗು ಈ ಪರಿಶೀಲನೆಗೆ ಒದಗಿಬರುವ ಸ್ಥಳ. ಇಲ್ಲಿ ಕನ್ನಡ ಬೈಬಲ್ ಓದುವವರಲ್ಲಿ ಬಹಳಷ್ಟು ಮಂದಿಗೆ ಕನ್ನಡ ಮನೆಯ ನುಡಿಯಲ್ಲ, ಶಾಲೆಯ ನುಡಿ. ವಿರಾಜಪೇಟೆಯ ಕೊಂಕಣಿ ಕುಟುಂಬಗಳು, ಕಾಫಿ ತೋಟಗಳ ಮಲಯಾಳಿ ಮತ್ತು ತಮಿಳು ಕುಟುಂಬಗಳು, ತುಳು ಆಡುವವರು, ಕೊಡವ ತಕ್ಕ್ ಬಲ್ಲವರು ಒಂದೇ ಗ್ರಂಥವನ್ನು ಬೇರೆ ಬೇರೆ ವ್ಯಾಕರಣದ ಕಿವಿಯಿಂದ ಓದುತ್ತಾರೆ. ಇದು ಹೊಸ ಸ್ಥಿತಿಯೂ ಅಲ್ಲ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಸಿದ್ದಾಪುರದ ಬಳಿ ಆನಂದಪುರವನ್ನು ನೆಲೆಗೊಳಿಸಿದಾಗ ಅಲ್ಲಿ ಸೇರಿದ ದಲಿತ ದುಡಿಮೆಗಾರ ಕುಟುಂಬಗಳ ಕೈಗೆ ಬಂದ ಗ್ರಂಥವೂ ಕನ್ನಡದ್ದೇ. ಅದೇ ಮಿಶನ್ 1847ರಲ್ಲಿ ತುಳುವಿನ ಹೊಸ ಒಡಂಬಡಿಕೆಯನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕಿತ್ತು. ಕೊಡಗಿನಲ್ಲಿ ಮಾತ್ರ ಕನ್ನಡವೇ ಸಾಕೆಂಬ ತೀರ್ಮಾನ ಬಹುಕಾಲ ನಡೆಯಿತು.

ಇಂದು ಓದುಗನ ಮುಂದಿರುವ ಅನುವಾದಗಳಲ್ಲಿ ಮೂರನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಮೊದಲನೆಯದು ‘ಸತ್ಯವೇದವು’ ಎಂಬ ಹೆಸರಿನ ಹಳೆಯ ಅನುವಾದ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಜೊತೆಗಾರರಿಂದ ಆರಂಭವಾಗಿ, 1831ರ ಹೊತ್ತಿಗೆ ಪೂರ್ಣ ಬೈಬಲಾಗಿ, ಅನಂತರ ಹಲವು ಪರಿಷ್ಕರಣೆಗಳನ್ನು ಕಂಡ ಪರಂಪರೆ ಇದು. ಎರಡನೆಯದು ಬೈಬಲ್ ಸೊಸೈಟಿ ಆಫ್ ಇಂಡಿಯಾದ ಸಾಮಾನ್ಯ ಭಾಷೆಯ ಅನುವಾದ. ಓದುಗರ ಬಾಯಲ್ಲಿ ಸಿ.ಎಲ್. ಮೂರನೆಯದು ವರ್ಲ್ಡ್ ಬೈಬಲ್ ಟ್ರಾನ್ಸ್‌ಲೇಶನ್ ಸೆಂಟರ್ ಹೊರತಂದ ಸುಲಭ ಓದಿನ ಅನುವಾದ.

ಗೌರವಾರ್ಥಕ ಬಹುವಚನದಿಂದ ಆರಂಭಿಸಬಹುದು. ಹಳೆಯ ಅನುವಾದದ ಕಥನಭಾಗದಲ್ಲಿ ಯೇಸುವಿಗೆ ‘ಆತನು’, ಉಳಿದ ಪುರುಷರಿಗೆ ಬಹುಮಟ್ಟಿಗೆ ‘ಅವನು’, ಗುಂಪಿಗೆ ‘ಅವರು’. ಕ್ರಿಯಾಪದ ಮೊದಲೆರಡಕ್ಕೆ ‘ಹೇಳಿದನು’, ಮೂರನೆಯದಕ್ಕೆ ‘ಹೇಳಿದರು’. ಇದೊಂದು ಅಚ್ಚುಕಟ್ಟಾದ ಮೂರು ಎಳೆಯ ವ್ಯವಸ್ಥೆ. ಸಿ.ಎಲ್. ಅನುವಾದದಲ್ಲಿ ಯೇಸು ‘ಹೇಳಿದರು’. ಇಂದಿನ ಶಿಷ್ಟ ಕನ್ನಡದ ಮರ್ಯಾದೆಗೆ ಇದು ಒಪ್ಪುತ್ತದೆ, ಕಿವಿಗೂ ಹಿತ. ಆದರೆ ಕನ್ನಡದಲ್ಲಿ ಗೌರವದ ಏಕವ್ಯಕ್ತಿಗೂ ನಿಜವಾದ ಬಹುತ್ವಕ್ಕೂ ರೂಪ ಒಂದೇ. ಸುವಾರ್ತೆಗಳಲ್ಲಿ ಯೇಸು ಒಂಟಿಯಾಗಿ ಕಾಣಿಸುವ ಪ್ರಸಂಗಗಳು ಕಡಮೆ. ಶಿಷ್ಯರು, ಜನಸಮೂಹ, ಫರಿಸಾಯರು ಬೆನ್ನಿಗೇ ಇರುತ್ತಾರೆ. ಹೀಗಾಗಿ ಪ್ರತಿ ‘ಅವರು’ ಒಂದು ಸಣ್ಣ ಒಗಟಾಗುವ ಸಂಭವವಿದೆ.

ಲೂಕನ 24ನೆಯ ಅಧ್ಯಾಯದ ಎಮ್ಮಾಹು ಪ್ರಸಂಗವನ್ನು ನೋಡಿ. ಇಬ್ಬರು ಶಿಷ್ಯರು, ಅವರೊಡನೆ ಗುರುತು ಹತ್ತದ ಮೂರನೆಯವನು. ಊರು ಸಮೀಪಿಸುವುದು ಮೂವರೂ, ಮುಂದಕ್ಕೆ ಹೋಗುವಂತೆ ತೋರುವುದು ಒಬ್ಬ, ಒತ್ತಾಯಿಸುವುದು ಇಬ್ಬರು, ರೊಟ್ಟಿ ಮುರಿಯುವುದು ಒಬ್ಬ, ಕಣ್ಣು ತೆರೆಯುವುದು ಇಬ್ಬರಿಗೆ, ಕಾಣದೆ ಹೋಗುವುದು ಒಬ್ಬ. ಗ್ರೀಕಿನಲ್ಲಿ ಕ್ರಿಯಾಪದದ ಏಕವಚನ-ಬಹುವಚನ ಪ್ರತ್ಯಯಗಳೇ ಈ ಕಥೆಯನ್ನು ಹೊರುತ್ತವೆ. ‘ಆತನು’ ಬಳಸುವ ಕನ್ನಡ ಇದನ್ನು ಹಾಗೆಯೇ ಹೊರಬಲ್ಲುದು. ಗೌರವದ ಬಹುವಚನಕ್ಕೆ ಕಟ್ಟುಬಿದ್ದ ಕನ್ನಡ ಹೊರಲಾರದು. ಉದಾಹರಣೆಗಾಗಿ ನಾನೇ ರಚಿಸುವ ಒಂದು ವಾಕ್ಯ: ‘ಅವರು ಅವರನ್ನು ಗುರುತಿಸಿದರು.’ ಇದು ವ್ಯಾಕರಣಶುದ್ಧ, ಪದಗಳು ಅತಿ ಪರಿಚಿತ, ಮೂರೇ ಪದ. ಆದರೂ ಅರ್ಥ ನಿಲ್ಲುವುದಿಲ್ಲ. ಅನುವಾದಕನಿಗೆ ಉಳಿಯುವ ದಾರಿ ‘ಯೇಸು’, ‘ಆ ಶಿಷ್ಯರು’ ಎಂದು ನಾಮಪದಗಳನ್ನು ಮತ್ತೆ ಮತ್ತೆ ಹೂಡುವುದು. ಆಗ ಗುರುತು ಸಿಗದ ವ್ಯಕ್ತಿಯ ಹೆಸರು ಹೆಜ್ಜೆಗೊಮ್ಮೆ ಕೇಳಿಸಿ ಪ್ರಸಂಗದ ಬಿಗಿ ಸಡಿಲವಾಗುತ್ತದೆ.

ಈ ಹೊರೆ ಎಲ್ಲ ಓದುಗರ ಮೇಲೂ ಸಮವಾಗಿ ಬೀಳುವುದಿಲ್ಲ ಎಂಬುದೇ ಕೊಡಗಿನ ವಿಶೇಷ. ತುಳುವಿನ ಸರ್ವನಾಮಗಳಲ್ಲಿ ಗೌರವದ ‘ಆರ್’ ಬೇರೆ, ಬಹುತ್ವದ ‘ಆಕುಲು’ ಬೇರೆ; ತನ್ನ ನುಡಿಯಲ್ಲಿ ಬಿಡಿಯಾಗಿರುವ ಎರಡನ್ನು ತುಳು ಓದುಗ ಕನ್ನಡದ ಒಂದೇ ರೂಪದಲ್ಲಿ ಕಾಣಬೇಕಾಗುತ್ತದೆ. ಮಲಯಾಳದಲ್ಲಿ ಕ್ರಿಯಾಪದಕ್ಕೆ ಪುರುಷ-ವಚನಗಳ ಪ್ರತ್ಯಯವೇ ಇಲ್ಲ. ಬಂದವನು ಒಬ್ಬನಾದರೂ ನೂರಾದರೂ ‘ವನ್ನು’. ಕರ್ತೃಪದ ಲೋಪವಾದಾಗ ಕನ್ನಡದ ‘ಬಂದನು’, ‘ಬಂದರು’ಗಳ ಕೊನೆಯನ್ನು ಹಿಡಿದು ಕರ್ತೃವನ್ನು ಹುಡುಕುವ ಅಭ್ಯಾಸವನ್ನು ಮಲಯಾಳಿ ಓದುಗ ಹೊಸದಾಗಿ ರೂಢಿಸಿಕೊಂಡಿರುತ್ತಾನೆ. ಆ ಕೊನೆಯೇ ಎರಡರ್ಥದ್ದಾದರೆ ಅಭ್ಯಾಸ ವ್ಯರ್ಥ. ಇನ್ನು ಕೊಡವ ತಕ್ಕ್‌ನ ಮಾತುಕತೆಯಲ್ಲಿ ಗೌರವದ ಬಹುವಚನ ಕನ್ನಡದಷ್ಟು ವ್ಯಾಪಕವಲ್ಲ. ಏಕವಚನ ಕೇಳಿದೊಡನೆ ಅಗೌರವವೆಂದು ತಟ್ಟುವ ಕಿವಿ ಅದಲ್ಲ.

ಕನ್ನಡದ ಕಿವಿಯಾದರೂ ಹಾಗಿದೆಯೆ ಎಂದು ಕೇಳಬೇಕು. ವಚನಕಾರರೂ ದಾಸರೂ ದೇವರನ್ನು ‘ನೀನು’ ಎಂದೇ ಕರೆದರು. ನಮ್ಮ ಕಾವ್ಯಗಳಲ್ಲಿ ಕೃಷ್ಣನಿಗೂ ರಾಮನಿಗೂ ಏಕವಚನವೇ. ಪೂಜ್ಯತೆಗೆ ಬಹುವಚನ ಬೇಕೆನ್ನುವುದು ಕಚೇರಿ, ಶಾಲೆ, ವೃತ್ತಪತ್ರಿಕೆಗಳ ಕನ್ನಡ ತಂದ ನಿಯಮ. ಅದನ್ನು ಕಥನದೊಳಕ್ಕೆ ತಂದದ್ದು ಸಿ.ಎಲ್. ಅನುವಾದದ ಅತಿದೊಡ್ಡ ಶೈಲಿನಿರ್ಧಾರ. ವಾಚನೀಯತೆಯ ಲೆಕ್ಕದಲ್ಲಿ ಅದು ಲಾಭವಲ್ಲ ಎಂಬುದು ನನ್ನ ಅಭಿಪ್ರಾಯ. (ಹಳೆಯ ಅನುವಾದದಲ್ಲಿ ‘ದೇವರು’ ಎಂಬ ಬಹುವಚನಾಂತ ಪದಕ್ಕೆ ‘-ಅನು’ ಪ್ರತ್ಯಯದ ಏಕವಚನ ಕ್ರಿಯಾಪದ ಬರುವುದನ್ನು ದೋಷವೆಂದು ತೋರಿಸುವವರಿದ್ದಾರೆ. ಆದಿಕಾಂಡದ ಹೀಬ್ರೂವಿನಲ್ಲಿ ಬಹುವಚನರೂಪದ ‘ಎಲೋಹೀಮ್’ಗೆ ಏಕವಚನದ ‘ಬಾರಾ’ ಬಂದಿರುವುದನ್ನು ಬಲ್ಲವರು ಅಷ್ಟು ಅವಸರಿಸಲಾರರು. ಆಡುಮಾತಿನಲ್ಲಿ ‘ದೇವರು ಬಂತು’ ಎಂದು ನಪುಂಸಕವೂ ನಡೆಯುತ್ತದೆಯಲ್ಲ.)

ವಾಕ್ಯದ ಉದ್ದದ ವಿಚಾರಕ್ಕೆ ಬರೋಣ. ಸುಲಭ ಓದಿನ ಅನುವಾದದ ಇಂಗ್ಲಿಷ್ ಮಾದರಿಯ ಬೇರು 1978ರಲ್ಲಿ ಕಿವುಡ ಓದುಗರಿಗಾಗಿ ಬಂದ ಹೊಸ ಒಡಂಬಡಿಕೆಯಲ್ಲಿದೆ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರಿಗೆ ಇಂಗ್ಲಿಷ್ ವಾಕ್ಯವನ್ನು ತುಂಡರಿಸಿ ಕೊಟ್ಟದ್ದು ವಿವೇಕದ ಕೆಲಸ. ಆ ತತ್ವವನ್ನು ಕನ್ನಡಕ್ಕೆ ತರುವಾಗ ಒಂದು ವಿಷಯ ಕಣ್ತಪ್ಪುತ್ತದೆ. ಕನ್ನಡ ಕಥನದ ಸಹಜ ನಡೆ ‘ಎದ್ದು, ಹೋಗಿ, ಕಂಡು, ಹೇಳಿದನು’ ಎಂಬ ಭೂತನ್ಯೂನಗಳ ಸರಪಳಿ. ಸಾಮಾನ್ಯ ನಿಯಮದಂತೆ ಸರಪಳಿಯ ಕೊಂಡಿಗಳಿಗೆಲ್ಲ ಕರ್ತೃ ಒಬ್ಬನೇ. ಆದ್ದರಿಂದ ಸರಪಳಿ ಉದ್ದವಾದಷ್ಟೂ ಕರ್ತೃವಿನ ಜಾಡು ಗಟ್ಟಿಯಾಗುತ್ತದೆ. ಅದನ್ನು ನಾಲ್ಕು ವಾಕ್ಯಗಳಾಗಿ ಒಡೆದರೆ ಪ್ರತಿ ಪೂರ್ಣವಿರಾಮದ ಬಳಿಕವೂ ‘ಈಗ ಯಾರು?’ ಎಂಬ ಪ್ರಶ್ನೆ ಹೊಸದಾಗಿ ಏಳುತ್ತದೆ. ತುಳು, ಮಲಯಾಳ, ತಮಿಳು, ಕೊಡವ ತಕ್ಕ್ ಎಲ್ಲದರಲ್ಲೂ ಈ ಸರಪಳಿಯಿದೆ. ಆರ್ಯಭಾಷೆಯಾದ ಕೊಂಕಣಿಯೂ ಇಂಥ ರಚನೆಯನ್ನು ಬಲ್ಲದು. ಅಂದರೆ ಕೊಡಗಿನ ಓದುಗರೆಲ್ಲರೂ ತಾಯ್ನುಡಿಯಿಂದಲೇ ಬಲ್ಲ ರಚನೆಯನ್ನು ತೆಗೆದು, ಅವರಾರಿಗೂ ಸಹಜವಲ್ಲದ ತುಂಡುಗಳನ್ನು ಸುಲಭವೆಂಬ ಹೆಸರಿನಲ್ಲಿ ಕೊಟ್ಟಂತಾಯಿತು.

ಪೌಲನ ಪತ್ರಗಳ ಮಾತು ಬೇರೆ. ಎಫೆಸದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದ 3ರಿಂದ 14ರವರೆಗಿನ ವಚನಗಳು ಗ್ರೀಕಿನಲ್ಲಿ ಒಂದೇ ವಾಕ್ಯ. ಅದು ಘಟನೆಗಳ ಸರಪಳಿಯಲ್ಲ, ವಿಶೇಷಣಗಳ ಹೆಣಿಗೆ. ಕನ್ನಡದಲ್ಲಿ ವಿಶೇಷಣವಾಕ್ಯ ನಾಮಪದದ ಮೊದಲೇ ಬರಬೇಕಾದುದರಿಂದ ಓದುಗ ಯಾವುದನ್ನು ವರ್ಣಿಸಲಾಗುತ್ತಿದೆ ಎಂದು ತಿಳಿಯದೆಯೇ ವರ್ಣನೆಯನ್ನು ಹೊತ್ತುಕೊಂಡು ನಡೆಯಬೇಕು. ಇಲ್ಲಿ ಒಡೆಯುವುದೇ ಸರಿ. ಹಳೆಯ ಅನುವಾದ ಇಂಥಲ್ಲಿ ನಿಜಕ್ಕೂ ಕಷ್ಟ. ಆದರೆ ಒಡೆದವರು ‘ಗಾರ್’ ಎಂಬ ಗ್ರೀಕ್ ಅವ್ಯಯದ ಬೆಸುಗೆಯನ್ನು ಕೈಬಿಡಬಾರದು. ಹಳೆಯ ಅನುವಾದದಲ್ಲಿ ಅಡಿಗಡಿಗೆ ಬರುವ ‘ಯಾಕಂದರೆ’ ಬೇಸರ ತರಿಸಬಹುದು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅದನ್ನು ತೆಗೆದರೆ ವಾದ ಹೋಗಿ ಘೋಷಣೆಗಳ ಪಟ್ಟಿ ಉಳಿಯುತ್ತದೆ.

ಪದಗಳ ಬಗೆಗೆ ಎರಡೇ ಉದಾಹರಣೆ. ಗ್ರೀಕಿನ ‘ಲೋಗೋಸ್’ ವ್ಯಾಕರಣದಲ್ಲಿ ಪುಲ್ಲಿಂಗ, ಅರ್ಥದಲ್ಲಿ ‘ಮಾತು’. ಕನ್ನಡದ ಲಿಂಗ ಅರ್ಥವನ್ನು ಅನುಸರಿಸುತ್ತದೆ. ‘ವಾಕ್ಯ’ ಎಂದೊಡನೆ ಕ್ರಿಯಾಪದ ‘ಇತ್ತು’ ಎಂದಾಗಲೇಬೇಕು. ಯೋಹಾನನ ಸುವಾರ್ತೆಯ ಆರಂಭದಲ್ಲಿ ಹಳೆಯ ಅನುವಾದ ಮೊದಲು ನಪುಂಸಕದಲ್ಲೇ ನಡೆದು, ಮರುವಚನದಲ್ಲಿ ‘ಎಂಬವನು’ ಎಂಬ ಪದವನ್ನು ತಂದು ಮಾತನ್ನು ವ್ಯಕ್ತಿಯಾಗಿಸುತ್ತದೆ. ಹೊಸ ಅನುವಾದಗಳು ಮೊದಲ ವಾಕ್ಯದಲ್ಲೇ ವ್ಯಕ್ತಿಯನ್ನು ತಂದು ನಿಲ್ಲಿಸುತ್ತವೆ. ಅರ್ಥ ಬೇಗ ಸಿಗುತ್ತದೆ, ನಿಜ. ಮೂಲದಲ್ಲಿ ನಿಧಾನವಾಗಿ ತೆರೆದುಕೊಳ್ಳುವುದು ಇಲ್ಲಿ ಮೊದಲೇ ಬಯಲಾಗಿರುತ್ತದೆ. ಒಬ್ಬನೇ ಕುಳಿತು ಅಧ್ಯಯನ ಮಾಡುವವನಿಗೆ ‘ಇತ್ತು’ ಎಂಬುದರ ಮೇಲಿನ ಎಡವು ಉಪಯುಕ್ತ ಎಡವು.

ಇನ್ನೊಂದು ‘ದಿಕಾಯೊಸೂನೆ’. ಹಳೆಯ ಅನುವಾದದ ಪದ ‘ನೀತಿ’. ಯಾರಿಗೂ ಕಷ್ಟವಲ್ಲದ ಪದ. ಅದೇ ಅದರ ಅಪಾಯ. ಕೊಡಗಿನ ಶಾಲೆಯಲ್ಲಿ ಕನ್ನಡ ಕಲಿತವನಿಗೆ ನೀತಿ ಎಂದರೆ ಪಾಠದ ಕೊನೆಯ ನೀತಿ, ಇಲ್ಲವೆ ಸರಕಾರದ ಶಿಕ್ಷಣನೀತಿ, ಕೈಗಾರಿಕಾನೀತಿ. ದೇವರ ಮುಂದೆ ಸರಿಯೆಂದು ಎಣಿಸಲ್ಪಡುವ ಸ್ಥಿತಿ ಆ ಪದದಲ್ಲಿ ಅವನಿಗೆ ಹೊಳೆಯುವುದಿಲ್ಲ, ಹೊಳೆಯಲಿಲ್ಲವೆಂಬುದೂ ಹೊಳೆಯುವುದಿಲ್ಲ. ಅಪರಿಚಿತ ಪದ ಓದುಗನನ್ನು ನಿಲ್ಲಿಸುತ್ತದೆ, ನಿಘಂಟಿನ ಕಡೆಗೆ ತಿರುಗಿಸುತ್ತದೆ. ತಪ್ಪು ಪರಿಚಯದ ಪದ ಸಲೀಸಾಗಿ ದಾಟಿಸಿಬಿಡುತ್ತದೆ. ಇಲ್ಲಿ ಸಿ.ಎಲ್. ಬಳಸುವ ‘ಸತ್ಸಂಬಂಧ’ ಸಂಸ್ಕೃತಭಾರದ್ದಾದರೂ ಉತ್ತಮ. ಅದು ತಾನು ಪಾರಿಭಾಷಿಕವೆಂದು ತೋರಿಸಿಕೊಳ್ಳುತ್ತದೆ. ಸಾಮಾನ್ಯ ಭಾಷೆಯೆಂಬ ಹೆಸರಿನ ಅನುವಾದ ಅಸಾಮಾನ್ಯ ಪದವೊಂದರಿಂದ ಗೆಲ್ಲುವುದು ಕುತೂಹಲದ ಸಂಗತಿ.

ವಾಚನೀಯತೆಯನ್ನು ಅಳೆಯುವ ಪ್ರಸಿದ್ಧ ಸೂತ್ರಗಳು ಈ ಯಾವುದನ್ನೂ ಹಿಡಿಯಲಾರವು. ರುಡಾಲ್ಫ್ ಫ್ಲೆಶ್‌ನ 1948ರ ಸೂತ್ರ ಪದದ ಅಕ್ಷರಾಂಶಗಳನ್ನೂ ವಾಕ್ಯದ ಪದಗಳನ್ನೂ ಎಣಿಸುತ್ತದೆ. ‘ಮಾಡಿಸಿಕೊಳ್ಳಬೇಕಾಗಿದ್ದವರಿಗೆ’ ಎಂಬುದು ಒಂದೇ ಪದವಾಗಿರುವ ಭಾಷೆಯಲ್ಲಿ ಆ ಎಣಿಕೆಗೆ ಅರ್ಥವಿಲ್ಲ. ವಿಲ್ಸನ್ ಟೇಲರ್ 1953ರಲ್ಲಿ ಮುಂದಿಟ್ಟ, ಪದಗಳನ್ನು ಅಳಿಸಿ ಓದುಗರಿಂದ ತುಂಬಿಸುವ ಕ್ಲೋಜ್ ವಿಧಾನ ಹೆಚ್ಚು ಉಪಯುಕ್ತ. ನಮಗೆ ಬೇಕಾದುದು ಅದರ ಬದಲಿ ರೂಪ: ಪ್ರತಿ ಐದನೆಯ ಪದವನ್ನು ಅಳಿಸುವುದಕ್ಕೆ ಬದಲಾಗಿ ಪ್ರತಿ ಕ್ರಿಯಾಪದದ ಮುಂದೆ ಕರ್ತೃವಿನ ಹೆಸರು ಬರೆಸುವುದು. ಎಮ್ಮಾಹು ಪ್ರಸಂಗವನ್ನು ಮೂರು ಅನುವಾದಗಳಲ್ಲಿ ತುಳು, ಮಲಯಾಳ, ಕೊಂಕಣಿ, ಕೊಡವ ಮನೆಮಾತಿನ ಓದುಗರಿಗೆ ಹಂಚಿ ಕೊಟ್ಟರೆ ಮೇಲಿನ ವಾದವನ್ನು ಪರೀಕ್ಷೆಗೊಡ್ಡಬಹುದು. ಒಂದು ವರ್ಷದ ಅವಧಿಯಲ್ಲಿ ಸಂಶೋಧನಾ ವಿದ್ಯಾರ್ಥಿಯೊಬ್ಬರು ಮಾಡಬಹುದಾದ ಕೆಲಸವಿದು.

ಅಲ್ಲಿಯವರೆಗೆ, ಆಯ್ಕೆಗೆ ನಿಂತ ಓದುಗನಿಗೆ ನನ್ನ ಸಲಹೆ ಇಷ್ಟು: ಸುವಾರ್ತೆಗಳಿಗೂ ಅಪೊಸ್ತಲರ ಕೃತ್ಯಗಳಿಗೂ ಹಳೆಯ ಅನುವಾದ, ಪತ್ರಗಳಿಗೆ ಸಿ.ಎಲ್., ಪಕ್ಕದಲ್ಲಿ ‘ಯಾಕಂದರೆ’ಗಳಿಗಾಗಿ ಹಳೆಯದು. ಸುಲಭ ಓದಿನ ಅನುವಾದ ಇಡೀ ಅಧ್ಯಾಯವನ್ನು ಒಂದೇ ಉಸಿರಿಗೆ ಓದಿ ವಿಷಯ ತಿಳಿಯಲು ಒದಗುತ್ತದೆ. ಪದಪದವನ್ನು ನಿಂತು ನೋಡುವ ಓದಿಗೆ ಅದು ತೆಳು. ಹೆಸರುಗಳ ವ್ಯತ್ಯಾಸ, ಅಂದರೆ ಒಂದರಲ್ಲಿ ಯೋಹಾನ ಇನ್ನೊಂದರಲ್ಲಿ ಯೊವಾನ್ನ, ಎರಡು ವಾರದಲ್ಲಿ ರೂಢಿಯಾಗುವಂಥದು.

ತಾಯ್ನುಡಿಯ ಅನುವಾದವೇ ಮದ್ದಲ್ಲವೆ ಎಂಬ ಪ್ರಶ್ನೆ ಉಳಿಯುತ್ತದೆ. ಕೊಡವ ತಕ್ಕ್‌ನ ಮಟ್ಟಿಗೆ ಅಡ್ಡಿ ಭಾಷೆಯದಲ್ಲ, ಬರಹದ್ದು. ಆರ್. ಎ. ಕೋಲ್ 1867ರಷ್ಟು ಹಿಂದೆಯೇ ಅದರ ವ್ಯಾಕರಣ ಬರೆದಿದ್ದ. ಎಮಿನೋ 1970ರ ಲೇಖನದಲ್ಲಿ ಅದರ ಸ್ವರಗಳನ್ನು ವಿವರಿಸಿದರು. ಆ ಸ್ವರಗಳಲ್ಲಿ ನಾಲಿಗೆಯ ನಡುಭಾಗದಲ್ಲಿ ಹುಟ್ಟುವ ಕೆಲವಕ್ಕೆ ಕನ್ನಡ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಡವ ಪುಟವನ್ನು ಓದುಗ ಮೊದಲು ಬಾಯಲ್ಲಿ ಉಚ್ಚರಿಸಿ, ಅನಂತರ ಕಿವಿಯಲ್ಲಿ ಗುರುತಿಸಬೇಕು. ಮೌನವಾಗಿ, ಒಬ್ಬನೇ ಓದುವಾಗ ಆ ಎರಡನೆಯ ಹೆಜ್ಜೆ ಎಷ್ಟು ಸಮಯ ಬೇಡುತ್ತದೆ ಎಂಬುದನ್ನೂ ಮೇಲೆ ಹೇಳಿದ ಪರೀಕ್ಷೆಯ ಜೊತೆಗೇ ಅಳೆಯಬಹುದು.