ಪಾಲಿಪ್ ಲೆಕ್ಕ, ಹೃದಯದ ಲೆಕ್ಕ

ದಿನಕ್ಕೊಂದು ನೋವಿನ ಮಾತ್ರೆ ನುಂಗಿದರೆ ಕರುಳಿನ ಕ್ಯಾನ್ಸರ್ ಬರುವುದಿಲ್ಲವಂತೆ, ಹೌದೇ ಎಂದು ಇಲ್ಲಿನ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ. ಐವತ್ತು ದಾಟಿದವರು, ಕೊಲೊನೋಸ್ಕೋಪಿಯಲ್ಲಿ ಒಂದೆರಡು ಪಾಲಿಪ್ ತೆಗೆಸಿಕೊಂಡವರು. ಅವರಿಗೆ ನಾನು 2005ರ ಮಾರ್ಚ್‌ನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪ್ರಕಟಿಸಿದ ಎರಡು ವರದಿಗಳನ್ನು ಓದಿ ಎನ್ನುತ್ತೇನೆ; ಆದರೆ ಅನುಮಾನ ಇಟ್ಟುಕೊಂಡೇ ಓದಿ ಎನ್ನುತ್ತೇನೆ.

ಮೊದಲನೆಯದು ರೋಫೆಕಾಕ್ಸಿಬ್, ಅಂದರೆ ವಯಾಕ್ಸ್ ಕುರಿತದ್ದು. ಪಾಲಿಪ್ ಮರುಕಳಿಸದಂತೆ ತಡೆಯಲು 2,586 ಜನರ ಮೇಲೆ ನಡೆದ ಪ್ರಯೋಗ. ಮಾತ್ರೆ ತೆಗೆದುಕೊಂಡವರಲ್ಲಿ 46 ಮಂದಿಗೆ ಹೃದಯಾಘಾತ, ಪಾರ್ಶ್ವವಾಯುವಿನಂಥ ರಕ್ತ ಹೆಪ್ಪುಗಟ್ಟುವ ತೊಂದರೆಗಳಾದವು, ಹುಸಿಮಾತ್ರೆಯವರಲ್ಲಿ 26 ಮಂದಿಗೆ. 2004ರ ಸೆಪ್ಟೆಂಬರ್‌ನಲ್ಲೇ ಔಷಧ ಪೇಟೆಯಿಂದ ಹೋಗಿತ್ತು. ಅಪಾಯ ಶುರುವಾಗುವುದು ಹದಿನೆಂಟು ತಿಂಗಳ ನಂತರ ಎಂದು ವರದಿ ಹೇಳಿತು. ಓದುಗನಿಗೆ ಎಷ್ಟು ಸಮಾಧಾನದ ಮಾತು! ಆ ಮಾತಿಗೆ ಆಧಾರವಾದ ಗಣಿತದ ಪರೀಕ್ಷೆಯೇ ಸರಿಯಿರಲಿಲ್ಲ. 2006ರಲ್ಲಿ ಪತ್ರಿಕೆ ತಿದ್ದುಪಡಿ ಹಾಕಿತು. ಮಾತ್ರೆ ನಿಲ್ಲಿಸಿ ಹದಿನಾಲ್ಕು ದಿನ ಕಳೆದ ಮೇಲೆ ಆದದ್ದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂಬುದೂ ನನಗೆ ಒಪ್ಪಿಗೆಯಾಗದ ಸಂಗತಿ.

ಎರಡನೆಯದು ಸೆಲೆಕಾಕ್ಸಿಬ್. ಅದರಲ್ಲಿ ಹೃದಯದ ಲೆಕ್ಕ ಮಾತ್ರ ಇದೆ, ಕರುಳಿನ ಲೆಕ್ಕ ಮರುವರ್ಷ ಬಂತು. ಮೂರು ವರ್ಷದಲ್ಲಿ ಹುಸಿಮಾತ್ರೆಯವರಲ್ಲಿ ಶೇ. 60.7 ಜನರಿಗೆ ಪಾಲಿಪ್ ಮರಳಿದರೆ, ಹೆಚ್ಚು ಪ್ರಮಾಣದ ಮಾತ್ರೆಯವರಲ್ಲಿ ಶೇ. 37.5. ಬಹಳ ದೊಡ್ಡ ಗೆಲುವು. ಅದೇ ಗುಂಪಿನಲ್ಲಿ ಹೃದ್ರೋಗದ ಗಂಡಾಂತರ ಶೇ. 1ರಿಂದ 3.4ಕ್ಕೆ ಏರಿತ್ತು. ಎರಡು ಲೇಖನವನ್ನೂ ಪಕ್ಕಪಕ್ಕದಲ್ಲಿಟ್ಟರೆ ಇದು ಕಾಣುತ್ತದೆ. ಇವರು ರೋಗಿಗಳಲ್ಲ, ಪಾಲಿಪ್ ತೆಗೆಸಿಕೊಂಡು ಆರೋಗ್ಯವಾಗಿದ್ದವರು. ಪಾಲಿಪ್‌ಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದೂ ಇಲ್ಲ.

ಆಸ್ಪಿರಿನ್ ಕತೆ ಬೇರೆ. 2016ರಲ್ಲಿ ಅಮೆರಿಕದ ತಡೆಚಿಕಿತ್ಸಾ ಕಾರ್ಯಪಡೆ ಐವತ್ತರ ಹರೆಯದ, ಹೃದ್ರೋಗದ ಅಪಾಯವಿರುವ ಕೆಲವರಿಗೆ ಅದನ್ನು ಕರುಳಿನ ಹೆಸರಿನಲ್ಲೂ ಶಿಫಾರಸು ಮಾಡಿ, 2022ರಲ್ಲಿ ಕರುಳಿನ ಮಾತಿಗೆ ಸಾಕ್ಷ್ಯ ಸಾಲದೆಂದು ಹಿಂದೆ ಸರಿಯಿತು. ಗಟ್ಟಿಯಾಗಿ ನಿಂತದ್ದು ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ದೋಷ ಉಳ್ಳವರ ಪ್ರಯೋಗ: ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ಪಡೆದ 427 ಜನರಲ್ಲಿ 40 ಮಂದಿಗೆ, ಪಡೆಯದ 434ರಲ್ಲಿ 58 ಮಂದಿಗೆ ಕರುಳಿನ ಕ್ಯಾನ್ಸರ್. ಫಲ ಕಂಡದ್ದು ವರ್ಷಗಳ ನಂತರ.

ಹಾಗಾಗಿ ಗೆಳೆಯರಿಗೆ ನನ್ನ ಮೊದಲ ಪ್ರಶ್ನೆ ಮಾತ್ರೆಯದ್ದಲ್ಲ, ಮನೆತನದ್ದು. ತಾತ 'ಹೊಟ್ಟೆನೋವಲ್ಲಿ ಹೋದರು' ಎಂಬುದರಾಚೆ ಹೆಚ್ಚಿನವರಿಗೆ ಏನೂ ಗೊತ್ತಿರುವುದಿಲ್ಲ. ಊರಿಗೆ ಫೋನ್ ಮಾಡಿ ದೊಡ್ಡಮ್ಮನನ್ನು ಕೇಳುತ್ತೇವೆ ಎನ್ನುತ್ತಾರೆ.