ಗಾಲಿಕುರ್ಚಿಯ ತೋಳಿನ ಲೆಕ್ಕವೂ ಐನಾಪುರದ ಹೊಸ್ತಿಲೂ

ಗಾಲಿಕುರ್ಚಿಯನ್ನು ತಾವೇ ನೂಕಿಕೊಂಡು ಸಾಗುವವರ ತೋಳಿನ ಚಲನೆಯನ್ನೂ, ಆಗ ಕೀಲುಗಳ ಮೇಲೆ ಬೀಳುವ ಬಲಗಳನ್ನೂ ಗಣಿತದ ಮಾದರಿಗಳಿಂದ ನಿರ್ಣಯಿಸುವ ಶಾಸ್ತ್ರವೊಂದು ಈಚಿನ ದಶಕಗಳಲ್ಲಿ ವಿಶೇಷವಾಗಿ ಬೆಳೆದಿದೆ. ಅದರ ಗುಣದೋಷಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಚಿಂಚೋಳಿ ತಾಲ್ಲೂಕಿನ ಐನಾಪುರದಂತಹ ಊರನ್ನು ಇದಕ್ಕೆ ಒರೆಗಲ್ಲಾಗಿ ಇಟ್ಟುಕೊಂಡಿದ್ದೇವೆ. ಪ್ರಯೋಗಶಾಲೆಯ ನೆಲಕ್ಕೂ ಇಲ್ಲಿಯ ನೆಲಕ್ಕೂ ಇರುವ ಅಂತರವೇ ನಮ್ಮ ಆಕ್ಷೇಪಣೆಯ ಮೂಲ.

ಶಾಸ್ತ್ರದ ಕ್ರಮ ಹೀಗಿದೆ: ಗಾಲಿಯ ಹೊರಬದಿಗೆ ಜೋಡಿಸಿದ ಹಿಡಿಬಳೆಯಲ್ಲಿ ಬಲಮಾಪಕವನ್ನಿಟ್ಟು, ಕೀಲುಗಳ ಸ್ಥಾನವನ್ನು ಕ್ಯಾಮೆರಾಗಳಿಂದ ಗುರುತಿಸಿ, ಕೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ, ಭುಜಕ್ಕೆ ನ್ಯೂಟನ್ನನ ನಿಯಮಗಳಂತೆ ಹಿಮ್ಮುಖವಾಗಿ ಲೆಕ್ಕ ಹಾಕುತ್ತಾರೆ. ಇಷ್ಟರವರೆಗೆ ವಿವಾದವಿಲ್ಲ. ಆದರೆ ಭುಜವನ್ನು ತಿರುಗಿಸುವ ಸ್ನಾಯುಗಳ ಸಂಖ್ಯೆ ಸಮೀಕರಣಗಳ ಸಂಖ್ಯೆಗಿಂತ ಹೆಚ್ಚು. ಆದುದರಿಂದ ಯಾವ ಸ್ನಾಯು ಎಷ್ಟು ದುಡಿಯಿತೆಂಬುದಕ್ಕೆ ಒಂದು ಊಹೆಯನ್ನು ಅಂಗೀಕರಿಸಲೇಬೇಕಾಗುತ್ತದೆ. ಮಾದರಿಯ ಉತ್ತರವನ್ನು ಅಳತೆಯ ಫಲವೆಂದೇ ಭಾವಿಸುವ ವಿದ್ಯಾರ್ಥಿಗಳು ಇದನ್ನು ಮರೆಯಲಾಗದು.

ಈ ಶಾಸ್ತ್ರದಲ್ಲಿ ಬಹುಕಾಲ ಮಾನ್ಯವಾಗಿದ್ದ ಅಳತೆಗೋಲು 'ಫಲಕಾರಿ ಬಲದ ಪಾಲು'. ಗಾಲಿಯನ್ನು ತಿರುಗಿಸುವುದು ಬಳೆಯ ಸ್ಪರ್ಶರೇಖೆಯ ದಿಕ್ಕಿನ ಬಲ ಮಾತ್ರ. ಮಿಕ್ಕುದು ವ್ಯರ್ಥವೆಂಬ ಭಾವನೆ. ನೋಡಿದೊಡನೆ ಒಪ್ಪಬಹುದಾದ ಮಾತು. ಆದರೆ 2002ರಲ್ಲಿ ಹಾಲೆಂಡಿನ ಸೋನ್ಯಾ ಡಿ ಗ್ರೂಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಸ್ಪರ್ಶರೇಖೆಯ ಕಡೆಗೇ ನೂಕುವಂತೆ ಶಿಕ್ಷಣ ಪಡೆದವರ ಫಲಕಾರಿ ಪಾಲು ಹೆಚ್ಚಿತು. ಯಾಂತ್ರಿಕ ದಕ್ಷತೆ ಮಾತ್ರ ಇತರರಿಗಿಂತ ಕಡಿಮೆಯಾಯಿತು! ಕಾರಣ ಗೂಢವಲ್ಲ. ಆ ದಿಕ್ಕನ್ನೇ ಹಿಡಿಯಬೇಕಾದರೆ ಮೊಣಕೈ ಚಾಚಿಕೊಳ್ಳುತ್ತಿರುವಾಗಲೇ ಅದನ್ನು ಮಡಚುವ ಸ್ನಾಯುಗಳು ಬಿಗಿಯಬೇಕಾಗುತ್ತದೆ. ಗಾಲಿಗೆ ಉತ್ತಮವಾದುದು ತೋಳಿಗೆ ಉತ್ತಮವಾಗಲಿಲ್ಲ. ತನ್ನ ಅಳತೆಗೋಲಿನ ಕೊರತೆಯನ್ನು ತಾನೇ ತೋರಿಸಿಕೊಂಡ ಈ ಪ್ರಾಮಾಣಿಕತೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಇನ್ನು ನೆಲದ ವಿಚಾರ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಿನ ಗಣಿಗಳಿಂದ ಬರುವ ಫರಸಿ ಕಲ್ಲೇ ಈ ಪ್ರಾಂತದ ಮನೆ, ಅಂಗಳಗಳ ಹಾಸು. ಚಪ್ಪಡಿ ನುಣುಪಾದುದೇ; ತೊಡಕಿರುವುದು ಅದರ ಅಂಚಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಹೊಸ್ತಿಲಿನಲ್ಲಿ. 10 ಸೆಂಟಿಮೀಟರ್ ತ್ರಿಜ್ಯದ ಮುಂದಿನ ಕಿರುಗಾಲಿಗಳು 5 ಸೆಂಟಿಮೀಟರ್ ಎತ್ತರದ ಹೊಸ್ತಿಲಿಗೆ ಬಂದು ತಗುಲಿವೆ ಎಂದಿಟ್ಟುಕೊಳ್ಳೋಣ. ಅವುಗಳನ್ನು ಮೇಲೇರಿಸಲು ಬೇಕಾದ ಸಮತಲ ಬಲ, ಅವುಗಳ ಮೇಲೆ ನಿಂತ ಭಾರದ ಸುಮಾರು 1.7 ಪಟ್ಟು. ಆ ಕ್ಷಣದ ಭಾರ 15 ಕಿಲೋಗ್ರಾಂ ಆದರೆ ಬಲವು ಸುಮಾರು 255 ನ್ಯೂಟನ್. ಕುರ್ಚಿ ಸಹಿತ 80 ಕಿಲೋಗ್ರಾಂ ತೂಗುವವರು 12ಕ್ಕೆ 1ರ ಇಳಿಜಾರನ್ನು ಏರುವಾಗ, ಉರುಳುವ ತಡೆಯನ್ನು ಬಿಟ್ಟರೆ, ಸುಮಾರು 65 ನ್ಯೂಟನ್ ಸಾಕು. ನುರಿತವರು ಹಿಂದಕ್ಕೆ ಬಾಗಿ ಮುಂಗಾಲಿಗಳನ್ನು ಎತ್ತಿ ದಾಟಿಸುವರು, ನಿಜ. ಆ ಚಮತ್ಕಾರದ ಬೆಲೆಯನ್ನೂ ಭುಜವೇ ತೆರಬೇಕು. ಸಮವೇಗದಲ್ಲಿ ಉರುಳುವ ಪಟ್ಟಿಯ ಮೇಲೆ ತೆಗೆದ ಸರಾಸರಿಗಳಲ್ಲಿ ಇಂತಹ ಕ್ಷಣಗಳಿಗೆ ಎಡೆಯಿಲ್ಲ. ದಿನಕ್ಕೆ ಹಲವು ಸಲ ದಾಟುವವರ ಭುಜಕ್ಕಾದರೋ ಅವೇ ಮುಖ್ಯ.

ಕೈಯಿಂದ ತುಳಿಗೆ ತಿರುಗಿಸುವ ಮೂರುಗಾಲಿಯ ವಾಹನ ನಮ್ಮ ಹಳ್ಳಿಗಳಲ್ಲಿ ಪರಿಚಿತ. ಕಾನ್ಪುರದ ಸರಕಾರಿ ಸಂಸ್ಥೆಯಾದ ಆಲಿಂಕೋ ಇಂತಹವನ್ನು ತಯಾರಿಸುತ್ತದೆ. ಹಿಡಿಬಳೆಯನ್ನು ನೂಕುವ ದಕ್ಷತೆ ಸಾಮಾನ್ಯವಾಗಿ ಶೇಕಡಾ 10ನ್ನು ಮೀರದು. ತುಳಿಗೆಯದು ಅದಕ್ಕಿಂತ ಮೇಲು. ಗಾಲಿಯ ತ್ರಿಜ್ಯ 30 ಸೆಂಟಿಮೀಟರ್ ಇದ್ದರೆ ಮೇಲಿನ ಹೊಸ್ತಿಲಿಗೆ 1.7ರ ಬದಲು 0.66 ಪಟ್ಟು ಬಲ ಸಾಲುತ್ತದೆ. ಹಾಗಿದ್ದರೂ ನಾವು ಇದನ್ನು ಪೂರ್ಣ ಪರಿಹಾರವೆನ್ನಲಾರೆವು. ಈ ಉದ್ದನೆಯ ವಾಹನ ಬಾಗಿಲೊಳಗೆ ತಿರುಗದು. ಅದನ್ನು ಅಂಗಳದಲ್ಲಿ ಬಿಟ್ಟು, ಮೈಯನ್ನು ಎರಡು ಕೈಗಳ ಮೇಲೆ ಎತ್ತಿ ಇಳಿಸಬೇಕು. 50 ಕಿಲೋಗ್ರಾಂ ಮೈಯಾದರೆ, ಕಾಲಿನ ಆಸರೆ ಸ್ವಲ್ಪವೂ ಇಲ್ಲದಲ್ಲಿ, ಒಂದೊಂದು ತೋಳಿಗೂ ಸುಮಾರು 245 ನ್ಯೂಟನ್. ಭುಜದ ರಕ್ಷಣೆಗಾಗಿ 2005ರಲ್ಲಿ ಅಮೆರಿಕದಲ್ಲಿ ಹೊರಬಂದ ವೈದ್ಯಕೀಯ ಮಾರ್ಗದರ್ಶಿಯೂ ಇಂತಹ ಎತ್ತಿಳಿಸುವಿಕೆಯನ್ನು ಕಡಿಮೆ ಮಾಡಿರೆಂದೇ ಹೇಳುತ್ತದೆ.

ಆದುದರಿಂದ ಮಾದರಿಯನ್ನು ರಚಿಸುವವರು ಕುರ್ಚಿ, ತುಳಿಗೆಗಳನ್ನು ಬೇರೆಬೇರೆಯಾಗಿ ತೂಗದೆ, ಅಂಗಳದಿಂದ ಅಡಿಗೆಮನೆಯವರೆಗಿನ ಇಡೀ ಹಾದಿಯನ್ನು ಒಂದೇ ಲೆಕ್ಕದಲ್ಲಿ ಹಿಡಿಯಬೇಕೆಂಬುದು ನಮ್ಮ ಮತ. ಆ ಲೆಕ್ಕದಲ್ಲಿ ಕುರ್ಚಿಯ ತಿದ್ದುಪಡಿಗಿಂತ ನೆಲದ ತಿದ್ದುಪಡಿ ಅಗ್ಗವಾಗಿ ಕಂಡರೆ ಆಶ್ಚರ್ಯವಿಲ್ಲ. 5 ಸೆಂಟಿಮೀಟರ್ ಹೊಸ್ತಿಲಿಗೆ 12ಕ್ಕೆ 1ರ ಇಳಿಜಾರು ಬೇಕಾದರೆ 60 ಸೆಂಟಿಮೀಟರ್ ಉದ್ದ ಸಾಕು. ಓರೆಯಾಗಿ ಕೂಡಿಸಿದ ಒಂದು ಫರಸಿ ಕಲ್ಲು.