ಪ್ರಾಚೀನ ಗ್ರಂಥಗಳ ಸಂಗ್ರಹವೂ ವರ್ಣನೆಯೂ

ಪ್ರಾಚೀನ ಗ್ರಂಥಗಳನ್ನು ಸಂಗ್ರಹಿಸುವುದು ಒಂದು ಕಾರ್ಯ. ಸಂಗ್ರಹಿಸಿದುದನ್ನು ವರ್ಣಿಸುವುದು ಮತ್ತೊಂದು ಕಾರ್ಯ. ಮೊದಲನೆಯದಕ್ಕೆ ಉತ್ಸಾಹವೂ ಕಾಲ್ನಡೆಯೂ ಬೇಕು. ಎರಡನೆಯದಕ್ಕೆ ತಾಳ್ಮೆಯೂ ಅಳತೆಗೋಲೂ ಬೇಕು. ಕನ್ನಡನಾಡಿನಲ್ಲಿ ಮೊದಲನೆಯ ಕಾರ್ಯವು ಶ್ಲಾಘ್ಯವಾದ ರೀತಿಯಲ್ಲಿ ನಡೆದಿದೆ. ಎರಡನೆಯದು ಅಷ್ಟಾಗಿ ನಡೆದಿಲ್ಲವೆಂಬುದೂ, ಅದರಿಂದ ಒದಗಿದ ನಷ್ಟವು ಗ್ರಂಥಸಂಪಾದಕರ ಪಾಲಿಗೆ ಬಂದಿದೆಯೆಂಬುದೂ ವಿಚಾರಿಸತಕ್ಕ ಅಂಶಗಳಾಗಿವೆ.

ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಸರಕಾರದ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತನು ಗ್ರಂಥಲಿಪಿಯ ಒಂದು ಓಲೆಯ ಕಟ್ಟನ್ನು ತಂದೊಪ್ಪಿಸಿದನು. ಅದರೊಡನೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ಖಂಡವೂ ಇದ್ದಿತು. ಆ ಕಟ್ಟೇ ಕೌಟಿಲ್ಯನ ಅರ್ಥಶಾಸ್ತ್ರ. ಆರ್. ಶಾಮಶಾಸ್ತ್ರಿಗಳು 1905ರಿಂದ ಅದರ ಭಾಗಗಳನ್ನು ಇಂಗ್ಲಿಷಿಗೆ ತಂದು, 1909ರಲ್ಲಿ ಮೂಲವನ್ನು ಅಚ್ಚು ಮಾಡಿಸಿ, 1915ರಲ್ಲಿ ಸಮಗ್ರ ಭಾಷಾಂತರವನ್ನು ಹೊರಡಿಸಿದರು. ಭಾರತದ ರಾಜನೀತಿಯ ಚರಿತ್ರೆಯನ್ನೇ ಮತ್ತೆ ಬರೆಯಿಸಿದ ಗ್ರಂಥವಿದು. ಆದರೆ ಅದನ್ನು ತಂದವನನ್ನು ಮುದ್ರಿತ ಪೀಠಿಕೆಯು ‘ತಂಜಾವೂರು ಜಿಲ್ಲೆಯ ಪಂಡಿತ’ನೆಂದು ಮಾತ್ರ ಹೇಳುತ್ತದೆ. ಅವನ ಹೆಸರಿಲ್ಲ; ಊರಿಲ್ಲ; ಆ ಮನೆಯಲ್ಲಿ ಇನ್ನೆಷ್ಟು ಕಟ್ಟುಗಳಿದ್ದುವೆಂಬ ಮಾತೂ ಇಲ್ಲ. ಶಾಮಶಾಸ್ತ್ರಿಗಳ ಪಾಂಡಿತ್ಯಕ್ಕೆ ಇದರಿಂದ ಯಾವ ಕುಂದೂ ಬಾರದು. ಆದರೆ ವ್ಯಾಖ್ಯಾನದ ಒಂದು ಖಂಡವಿದ್ದ ಮನೆಯಲ್ಲಿ ಉಳಿದ ಖಂಡವೂ ಇದ್ದಿರಬಹುದೆಂಬ ಊಹೆಯನ್ನು ಪರೀಕ್ಷಿಸುವ ದಾರಿಯು ಆ ಒಂದು ವಾಕ್ಯದ ಲೋಪದಿಂದ ಮುಚ್ಚಿಹೋಯಿತು.

ಕನ್ನಡ ಗ್ರಂಥಗಳ ವಿಷಯಕ್ಕೆ ಬಂದರೆ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯನ್ನು ಮೊದಲು ನೆನೆಯಬೇಕು. ಎಸ್. ಜಿ. ನರಸಿಂಹಾಚಾರ್ಯರ ಸಹಕಾರದಿಂದ 1907ರಲ್ಲಿ ಮೊದಲನೆಯ ಸಂಪುಟವೂ, 1919ರಲ್ಲಿ ಎರಡನೆಯದೂ, 1929ರಲ್ಲಿ ಮೂರನೆಯದೂ ಹೊರಬಂದುವು. ಮೊದಲನೆಯದು 1924ರಲ್ಲಿ ಪರಿಷ್ಕೃತವಾಯಿತು. ಒಂದು ಭಾಷೆಯ ಸಾವಿರಾರು ವರ್ಷಗಳ ಕವಿಗಳನ್ನು ಕಾಲಾನುಕ್ರಮದಲ್ಲಿ ನಿಲ್ಲಿಸಿ, ಒಬ್ಬೊಬ್ಬರ ವಂಶ, ಗುರು, ಆಶ್ರಯದಾತ, ಸ್ತುತಿಸಿದ ಪೂರ್ವಕವಿಗಳು, ಗ್ರಂಥಗಳು ಎಂಬಿವನ್ನು ಅವರವರ ಪದ್ಯಗಳ ಆಧಾರದಿಂದಲೇ ಸಾಧಿಸಿ ತೋರಿಸಿದ ಕಾರ್ಯವಿದು. ಕನ್ನಡಸಾಹಿತ್ಯದ ಚರಿತ್ರೆಯನ್ನು ಬರೆದವರೆಲ್ಲರೂ ಈ ಗ್ರಂಥಕ್ಕೆ ಋಣಿಗಳು. ಒಪ್ಪಿಕೊಳ್ಳದವರು ಇನ್ನೂ ಹೆಚ್ಚು ಋಣಿಗಳು.

ಆದರೆ ಕವಿಚರಿತೆಯು ಗ್ರಂಥವನ್ನು ವರ್ಣಿಸುವುದೇ ಹೊರತು ಪ್ರತಿಯನ್ನು ವರ್ಣಿಸುವುದಿಲ್ಲ. ಇವೆರಡಕ್ಕೂ ಇರುವ ಭೇದವು ಸೂಕ್ಷ್ಮವಾದರೂ ಮುಖ್ಯವಾದುದು. ಗ್ರಂಥವು ಕವಿಯ ಮನಸ್ಸಿನಲ್ಲಿ ಹುಟ್ಟಿದ ವಸ್ತು. ಪ್ರತಿಯು ಲಿಪಿಕಾರನ ಕೈಯಲ್ಲಿ ಹುಟ್ಟಿದ ವಸ್ತು. ಕವಿಚರಿತೆಯಲ್ಲಿ ಕಾವ್ಯದ ಆಶ್ವಾಸಗಳು, ಛಂದಸ್ಸು, ಕಥಾಸಾರ, ಮಾದರಿಯ ಪದ್ಯಗಳು ದೊರೆಯುತ್ತವೆ. ಪ್ರತಿಯು ಅಸಮಗ್ರವಾಗಿದ್ದರೆ ಆ ಮಾತೂ ಹಲವೆಡೆ ಬರುತ್ತದೆ. ಆದರೆ ಆ ಪದ್ಯಗಳನ್ನು ತೆಗೆದ ಓಲೆಯು ಯಾವ ಮಠದ್ದು, ಯಾವ ಮನೆಯದು, ಗರಿಗಳೆಷ್ಟು, ಎಲ್ಲಿಂದ ಎಲ್ಲಿಯವರೆಗೆ ಲುಪ್ತ, ಬರೆದವನಾರು ಎಂಬ ಸಂಗತಿಗಳು ಸಾಮಾನ್ಯವಾಗಿ ದೊರೆಯುವುದಿಲ್ಲ. ಒಂದು ಕಾವ್ಯವನ್ನು ಪರಿಷ್ಕರಿಸಲು ಹೊರಟವನು ಕವಿಚರಿತೆಯಲ್ಲಿ ಅದರ ಹೆಸರನ್ನು ಕಂಡು ಹರ್ಷಿಸಿ, ಪ್ರತಿಯನ್ನು ಎಲ್ಲಿ ಹುಡುಕಬೇಕೆಂದು ತಿಳಿಯದೆ ಪುಟವನ್ನು ಮುಚ್ಚಬೇಕಾಗುತ್ತದೆ.

ಕವಿಚರಿತೆಯು ಕವಿಗಳ ಚರಿತೆಯೇ ಹೊರತು ಗ್ರಂಥಭಂಡಾರದ ಪಟ್ಟಿಯಲ್ಲ, ಆದುದರಿಂದ ಈ ಆಕ್ಷೇಪಣೆಯು ಅಸಂಗತವೆಂದು ಕೆಲವರು ಹೇಳಬಹುದು. ಆ ಸಮಾಧಾನವು ಅರ್ಧ ಮಾತ್ರ ಸರಿ. ಏಕೆಂದರೆ ಇದೇ ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಪ್ರಾಕ್ತನವಿಮರ್ಶೆಯ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದು, ಶ್ರವಣಬೆಳಗೊಳದ ಶಾಸನಗಳನ್ನು 1923ರಲ್ಲಿ ಮತ್ತೆ ಸಂಪಾದಿಸಿದರು. ರೈಸ್ ಸಾಹೇಬರ 1889ರ ಮುದ್ರಣದಲ್ಲಿ 144 ಇದ್ದ ಶಾಸನಗಳು ಆಚಾರ್ಯರ ಕೈಯಲ್ಲಿ 500 ಆದುವು. ಅಲ್ಲಿ ಒಂದೊಂದು ಶಾಸನಕ್ಕೂ ಅದು ಚಿಕ್ಕಬೆಟ್ಟದಲ್ಲಿದೆಯೋ ದೊಡ್ಡಬೆಟ್ಟದಲ್ಲಿದೆಯೋ ಊರಿನಲ್ಲಿದೆಯೋ, ಯಾವ ಬಸದಿಯ ಯಾವ ದಿಕ್ಕಿನ ಬಂಡೆಯ ಮೇಲಿದೆ ಎಂಬ ನಿರ್ದೇಶವಿದೆ. ಕಣ್ಣು ಕಟ್ಟಿಸಿಕೊಂಡು ಹೋದವನೂ ಅದನ್ನು ಹಿಡಿದು ಶಾಸನವನ್ನು ಮುಟ್ಟಬಹುದು. ಕಲ್ಲಿಗೆ ಈ ಉಪಚಾರವನ್ನು ಮಾಡಿದ ವಿದ್ವಾಂಸರು ಓಲೆಗೆ ಏಕೆ ಮಾಡಲಿಲ್ಲ? ಕಲ್ಲು ನಿಂತಲ್ಲಿ ನಿಂತಿರುತ್ತದೆ. ಅದರ ವಿಳಾಸವು ತಪ್ಪಿದರೂ ಒಂದಲ್ಲ ಒಂದು ದಿನ ಕಣ್ಣಿಗೆ ಬಿದ್ದೀತು. ಓಲೆಯಾದರೋ ಮದುವೆಯಾಗಿ ಹೋದ ಮಗಳೊಡನೆ ಬೇರೆ ಊರಿಗೆ ಹೋಗುತ್ತದೆ, ದಾಯಾದಿಗಳ ಪಾಲಿನಲ್ಲಿ ಎರಡಾಗುತ್ತದೆ, ಕೊನೆಗೆ ಓದಬಲ್ಲವರಿಲ್ಲದ ಮನೆಯಲ್ಲಿ ಪೂಜೆಗೊಂಡು ಹೊಳೆಗೂ ಬೀಳುತ್ತದೆ. ವಿಳಾಸದ ಅಗತ್ಯವು ಕಲ್ಲಿಗಿಂತ ಓಲೆಗೇ ಹೆಚ್ಚು.

ಈ ಲೋಪಕ್ಕೆ ಕಾರಣಗಳಿಲ್ಲವೆಂದಲ್ಲ. ಓಲೆಗಳ ಒಡೆಯರು ತಮ್ಮ ಹೆಸರು ಅಚ್ಚಾಗುವುದಕ್ಕೆ ಅಂಜುತ್ತಿದ್ದರು. ಹೆಸರು ಹೊರಬಿದ್ದರೆ ಕಡಕ್ಕೆ ಕೇಳುವವರ ಕಾಟವೂ, ಕಡವಾಗಿ ಹೋದುದು ಹಿಂದಿರುಗದಿರುವ ದುಃಖವೂ ಜೊತೆಯಾಗಿ ಬರುತ್ತಿದ್ದುವು. ಪುಸ್ತಕವೂ ಹಣವೂ ಪರರ ಕೈಸೇರಿದರೆ ಹೋದಂತೆಯೇ ಎಂದು ಹಿಂದಿನವರು ಭಾವಿಸಿದ್ದುದು ಅನುಭವದಿಂದಲೇ. ಆದರೂ ಮನೆಯ ಹೆಸರನ್ನು ಬಿಟ್ಟು ಊರಿನ ಹೆಸರನ್ನಾದರೂ ಹೇಳಬಹುದಾಗಿದ್ದಿತು.

ಪ್ರತಿಯನ್ನು ವರ್ಣಿಸುವ ಕ್ರಮಕ್ಕೆ ಮದ್ರಾಸಿನ ಸರಕಾರದ ಪ್ರಾಚ್ಯಕೋಶಾಗಾರದ ವಿವರಣಾತ್ಮಕ ಸೂಚಿಗಳು ಒಳ್ಳೆಯ ನಿದರ್ಶನ. ಸಂಸ್ಕೃತಗ್ರಂಥಗಳ ಸೂಚಿಯ ಮೊದಲ ಭಾಗವನ್ನು ಶೇಷಗಿರಿಶಾಸ್ತ್ರಿಗಳು 1901ರಲ್ಲಿ ಹೊರಡಿಸಿದರು; ರಂಗಾಚಾರ್ಯರು ಅದನ್ನು ಮುಂದುವರಿಸಿದರು. ಇಲ್ಲಿ ಒಂದೊಂದು ಪ್ರತಿಗೂ ಬರೆದಿರುವ ದ್ರವ್ಯವು ಓಲೆಯೋ ಕಾಗದವೋ, ಉದ್ದಗಲಗಳು ಎಷ್ಟು ಅಂಗುಲ, ಪುಟಗಳೆಷ್ಟು, ಪುಟಕ್ಕೆ ಪಂಕ್ತಿಗಳೆಷ್ಟು, ಲಿಪಿ ಯಾವುದು, ಸ್ಥಿತಿ ಹೇಗೆ ಎಂಬಿವು ಬಂದು, ಅನಂತರ ಆದಿಯ ಮತ್ತು ಅಂತ್ಯದ ಶ್ಲೋಕಗಳೂ ಪುಷ್ಪಿಕೆಯೂ ಬರುತ್ತವೆ. ಆದಿಯಂತ್ಯಗಳನ್ನು ಹೀಗೆ ಕೊಡುವುದರ ಪ್ರಯೋಜನವು ದೊಡ್ಡದು. ಒಂದೇ ಹೆಸರಿನ ಎರಡು ಗ್ರಂಥಗಳೂ, ಎರಡು ಹೆಸರಿನ ಒಂದೇ ಗ್ರಂಥವೂ ಇದರಿಂದ ಬಯಲಾಗುತ್ತವೆ. ಆದರೆ ಈ ಸೂಚಿಯಲ್ಲಿಯೂ ಒಂದು ದೌರ್ಬಲ್ಯವುಂಟು. ಪ್ರತಿಯ ‘ಆಕಾರ’ವೆಂಬ ಅಂಕಣದಲ್ಲಿ ‘ಹಳೆಯದು’ ಅಥವಾ ‘ಹೊಸದು’ ಎಂಬ ಒಂದು ಪದವಿರುತ್ತದೆ. ಹಳೆಯದೆಂದರೆ ಎಷ್ಟು ಹಳೆಯದು? ಹೊಗೆಯೊಲೆಯ ಮೇಲಿನ ಅಟ್ಟದಲ್ಲಿ ಮೂವತ್ತು ವರ್ಷವಿದ್ದ ಓಲೆಯು ಮುನ್ನೂರು ವರ್ಷದ ಓಲೆಗಿಂತ ಕಪ್ಪಾಗಿ ಕಾಣುತ್ತದೆ. ಬಣ್ಣವು ಪ್ರಮಾಣವಾಗದು. ಅಕ್ಷರದ ರೂಪವನ್ನು ನೋಡಬೇಕು. ೞಕಾರ ಱಕಾರಗಳನ್ನು ಲಿಪಿಕಾರನು ಸರಿಯಾಗಿ ಬಳಸಿರುವನೋ, ಮೂಲದಲ್ಲಿದ್ದುದನ್ನು ಅರಿಯದೆ ಗೀಚಿರುವನೋ ಎಂಬುದನ್ನು ನೋಡಬೇಕು. ಓಲೆಯ ಜಾತಿಯನ್ನೂ ನೋಡಬೇಕು: ಶ್ರೀತಾಳದ ಅಗಲವಾದ ತೆಳು ಗರಿಯು ಮಸಿಯ ಬರೆವಣಿಗೆಗೆ ಒಗ್ಗುವುದು, ಸಾಮಾನ್ಯವಾದ ತಾಳೆಯ ಗರಿಯನ್ನು ಕಂಟದಿಂದ ಕೊರೆದು ಮಸಿಯನ್ನು ಬಳಿಯಬೇಕು. ಈ ಒಂದು ಭೇದವನ್ನು ಬರೆದಿಟ್ಟಿದ್ದರೂ ‘ಹಳೆಯದು’ ಎಂಬುದಕ್ಕಿಂತ ಹೆಚ್ಚು ಹೇಳಿದಂತಾಗುತ್ತಿದ್ದಿತು.

ಲಿಪಿಕಾರನ ಕಾಲವನ್ನು ಹೇಳುವ ಪುಷ್ಪಿಕೆಯ ವಿಷಯದಲ್ಲಿ ಎರಡು ಎಚ್ಚರಿಕೆಗಳು ಬೇಕು. ಬಹುಮಂದಿ ಲಿಪಿಕಾರರು ಶಕವರ್ಷವನ್ನು ಬಿಟ್ಟು ಸಂವತ್ಸರವನ್ನು ಮಾತ್ರ ಬರೆಯುತ್ತಾರೆ. ಸಂವತ್ಸರವು ಅರವತ್ತು ವರ್ಷಗಳಿಗೊಮ್ಮೆ ಹಿಂದಿರುಗುವುದರಿಂದ ‘ರಾಕ್ಷಸ’ವೆಂದರೆ 1735ನೆಯ ಇಸವಿಯೂ ಆಗಬಹುದು, 1795ನೆಯದೂ 1855ನೆಯದೂ ಆಗಬಹುದು. ಮಾಸ, ತಿಥಿ, ವಾರಗಳು ಮೂರೂ ಇದ್ದರೆ ಗಣಿತದಿಂದ ಒಂದನ್ನು ಆರಿಸಬಹುದು. ಸೂಚಿಕಾರನು ವಾರವನ್ನು ವ್ಯರ್ಥವೆಂದು ಬಿಟ್ಟರೆ ಆ ಗಣಿತವೇ ನಿಂತುಹೋಗುತ್ತದೆ. ಎರಡನೆಯದು ಇನ್ನೂ ಮೋಸಕರ. ಲಿಪಿಕಾರನು ತನ್ನ ಮುಂದಿದ್ದ ಓಲೆಯ ಪುಷ್ಪಿಕೆಯನ್ನೂ, ಅದರ ಶಕವರ್ಷವನ್ನೂ, ಹಿಂದಿನವನು ಬೆನ್ನುನೋವಿನ ವಿಚಾರವಾಗಿ ಮಾಡಿಕೊಂಡ ವಿಜ್ಞಾಪನೆಯನ್ನೂ ಭಕ್ತಿಯಿಂದ ಹಾಗೆಯೇ ಇಳಿಸಿಬಿಡುತ್ತಾನೆ. ಆಗ ನಿನ್ನೆ ಬರೆದ ಪ್ರತಿಯು ಮುನ್ನೂರು ವರ್ಷದ ಹಿರಿಯತನವನ್ನು ಪಡೆಯುತ್ತದೆ.

ಪ್ರತಿಯಿಂದ ಪ್ರತಿಯಾಗುವಾಗ ಏನು ಕಳೆಯುತ್ತದೆಂಬುದಕ್ಕೆ ಮೂಡಬಿದಿರೆಯ ಸಿದ್ಧಾಂತಗ್ರಂಥಗಳಿಗಿಂತ ಬಲವಾದ ನಿದರ್ಶನವಿಲ್ಲ. ಷಟ್ಖಂಡಾಗಮವೂ ವೀರಸೇನಾಚಾರ್ಯರ ಧವಲಾ ಟೀಕೆಯೂ ಅಲ್ಲಿಯ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುವು. ಕಾಗದದ ಮೇಲೆ ಇಳಿಸಿದ ಪ್ರತಿಗಳು ಹೊರಗೆ ಬಂದು, ಅವುಗಳ ಪ್ರತಿಗಳು ಅಮರಾವತಿ, ಆರಾ, ಕಾರಂಜಾಗಳನ್ನು ಸೇರಿದುವು. ಇವನ್ನು ಆಧರಿಸಿ ಹೀರಾಲಾಲ ಜೈನರು 1939ರಲ್ಲಿ ಮೊದಲನೆಯ ಸಂಪುಟವನ್ನು ಪ್ರಕಟಿಸಿದರು. ಅದರ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಕಾಗದದ ಪ್ರತಿಗಳಲ್ಲಿರಲಿಲ್ಲ. ಟೀಕೆಯ ಅರ್ಥಕ್ಕೆ ಆ ಪದವು ಇದ್ದೇ ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸೂತ್ರವು ಮನುಷ್ಯಸ್ತ್ರೀಯರಿಗೆ ಸಂಬಂಧಿಸಿದ ಗುಣಸ್ಥಾನಗಳದ್ದು. ‘ಸಂಯತ’ವೆಂಬ ಅರ್ಥದ ಆ ಒಂದು ಪದವು ಇದೆಯೋ ಇಲ್ಲವೋ ಎಂಬುದರ ಮೇಲೆ ಸಿದ್ಧಾಂತದ ಒಂದು ದೊಡ್ಡ ವಿವಾದವೇ ನಿಂತಿತ್ತು. ದೊಡ್ಡ ದೊಡ್ಡ ಪಂಡಿತರು ಎರಡು ಪಕ್ಷವಾದರು. ಕೊನೆಗೆ ಮೂಡಬಿದಿರೆಯ ಗರಿಗಳೊಡನೆ ಪಾಠವನ್ನು ಹೋಲಿಸಿದಾಗ ಆ ಪದವು ಅಲ್ಲಿ ಇದ್ದಿತು. ಕಾಗದದ ಮೂರು ಪ್ರತಿಗಳು ಮೂರು ಸಾಕ್ಷಿಗಳಲ್ಲ, ಒಂದೇ ಮೂಲದ ಸಂತಾನವೆಂಬುದನ್ನು ಅರಿತವರಿಗೆ ಇದರಲ್ಲಿ ಆಶ್ಚರ್ಯವಿರಲಿಲ್ಲ. ಪ್ರತಿಗಳ ಸಂಖ್ಯೆಯನ್ನು ಎಣಿಸಿ ಪಾಠವನ್ನು ನಿಶ್ಚಯಿಸುವವರು ಪ್ರತಿಗಳ ಕುಲವನ್ನು ಮೊದಲು ವಿಚಾರಿಸಬೇಕು. ಕುಲವನ್ನು ತಿಳಿಸತಕ್ಕುದು ಸೂಚಿಯೇ. ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದ ಕಡೆಗಳ ಭಂಡಾರಗಳನ್ನು ಶೋಧಿಸಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದ ಮೂಲಕ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಯು ಯಾವ ಕಟ್ಟು ಯಾವ ಭಂಡಾರದಲ್ಲಿದೆಯೆಂಬುದನ್ನು ಖಚಿತವಾಗಿ ತಿಳಿಸಿ, ಈ ದಿಕ್ಕಿನಲ್ಲಿ ಬಹಳ ಉಪಕಾರ ಮಾಡಿದೆ. ಕನ್ನಡನಾಡಿನ ಭಂಡಾರಗಳ ಈ ಸೂಚಿಯು ಹಿಂದಿಯಲ್ಲಿ ಹೊರಬಂದುದು ಮಾತ್ರ ಕನ್ನಡಿಗರು ಯೋಚಿಸತಕ್ಕ ಸಂಗತಿ.

ಅಚ್ಚಾದ ಪುಸ್ತಕಗಳಿಗೆ ವರ್ಣನೆಯು ಬೇಡವೆಂಬ ಭಾವನೆಯೊಂದು ವಿದ್ವಾಂಸರಲ್ಲಿ ಬೇರೂರಿದೆ. ಶ್ರೀರಾಮಪುರದಲ್ಲಿ 1817ರಲ್ಲಿ ಅಚ್ಚಾದ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವಾಗಲಿ, ರೀವ್ ಸಾಹೇಬರ 1824 ಮತ್ತು 1832ರ ಕೋಶಗಳಾಗಲಿ, ಮಂಗಳೂರಿನ ಬಾಸೆಲ್ ಮಿಶನ್ನಿನವರ ಕಲ್ಲಚ್ಚಿನ ಪುಸ್ತಕಗಳಾಗಲಿ ಎಷ್ಟೋ ಓಲೆಗಳಿಗಿಂತ ವಿರಳವಾಗಿವೆ. ಓಲೆಯನ್ನು ಪೂಜಿಸಿದ ಮನೆಯವರು ಕಲ್ಲಚ್ಚಿನ ಹಾಳೆಯಲ್ಲಿ ಬೆಲ್ಲವನ್ನು ಕಟ್ಟಿದರು. ಮೋಗ್ಲಿಂಗ್ ಸಾಹೇಬರು 1848ರಿಂದ ಮಂಗಳೂರಿನಲ್ಲಿ ಹೊರಡಿಸಿದ ಕಾವ್ಯಮಾಲೆಗೂ, ರೈಸ್ ಸಾಹೇಬರು ಬೆಂಗಳೂರಿನಲ್ಲಿ 1884ರ ‘ಕರ್ಣಾಟಕ ಭಾಷಾಭೂಷಣ’ ಮೊದಲಾದವನ್ನು ಅಚ್ಚು ಹಾಕಿಸಿದ ಮಾಲೆಗೂ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಬಹುಮಟ್ಟಿಗೆ ಒಂದೇ ಹೆಸರಿದೆ. ಮಾಲೆಯ ಹೆಸರನ್ನು ಮಾತ್ರ ಬರೆದ ಸೂಚಿಯನ್ನು ನಂಬಿದವನು ಅರ್ಧ ಶತಮಾನದಷ್ಟು ತಪ್ಪಬಹುದು. ಮೊದಲನೆಯದು ಲಿಪಿಕಾರನ ಕೈಬರಹವನ್ನು ಕಲ್ಲಿಗೆ ಇಳಿಸಿದುದು, ಎರಡನೆಯದು ಮೊಳೆಯಚ್ಚಿನದು. ಆ ಒಂದು ಮಾತನ್ನು ಸೂಚಿಯಲ್ಲಿ ಸೇರಿಸಿದ್ದರೆ ಸಾಕಾಗಿತ್ತು.

1892ರಲ್ಲಿ ಮೈಸೂರಿನಲ್ಲಿ ಆರಂಭವಾದ ‘ಕರ್ಣಾಟಕ ಕಾವ್ಯಮಂಜರಿ’ಯಲ್ಲಿ ಹಳಗನ್ನಡ ಕಾವ್ಯಗಳು ತುಣುಕು ತುಣುಕಾಗಿ ಬೆಳಕು ಕಂಡುವು. ಇಂಥ ಬಿಡಿ ಸಂಚಿಕೆಗಳನ್ನು ಓದುಗರು ಕಾವ್ಯಕ್ಕೊಂದರಂತೆ ಕೂಡಿಸಿ ರಟ್ಟು ಕಟ್ಟಿಸುವಾಗ ಮೇಲುಹೊದಿಕೆಯನ್ನು ಕಿತ್ತೆಸೆಯುವುದು ವಾಡಿಕೆ. ಸಂಚಿಕೆಯ ತಿಂಗಳೂ ಬೆಲೆಯೂ ಪ್ರಕಟಣೆಯ ವಿಜ್ಞಾಪನೆಯೂ ಇರುವುದು ಆ ಹೊದಿಕೆಯಲ್ಲಿಯೇ. ಪುಸ್ತಕಾಲಯಗಳಲ್ಲಿ ಅಂಥ ಪುಸ್ತಕಗಳನ್ನು ಮತ್ತೆ ರಟ್ಟು ಕಟ್ಟಿಸಲು ಕಳುಹಿಸುವ ಮುನ್ನ, ಹೊದಿಕೆಯು ಉಳಿದಿರುವ ಪ್ರತಿಗಳನ್ನು ಬೇರೆ ತೆಗೆದಿರಿಸಿ ಅವುಗಳ ಮೇಲಿನ ಅಕ್ಷರಗಳನ್ನು ಪಂಕ್ತಿ ತಪ್ಪದಂತೆ ಸೂಚಿಯಲ್ಲಿ ಬರೆದಿಡಬೇಕು.